ಮಗುವಿಗೆ ಬರುವ ಮೂರ್ಛೆ, ಅಜ್ಜನಿಗೆ ಬರುವ ಮೂರ್ಛೆ

ದೇವನಹಳ್ಳಿ–ಚಿಕ್ಕಬಳ್ಳಾಪುರ ರಸ್ತೆಯ ಆವತಿಯಂಥ ಊರಿನಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಜನ ಮೊದಲು ಹುಡುಕುವುದು ಬೀಗದ ಕೈಯನ್ನು. ನಿಜವಾಗಿ ಬೇಕಾದದ್ದು ಗಡಿಯಾರ. ಕೈಗೆ ಕಬ್ಬಿಣ ಕೊಟ್ಟರೆ ಮೂರ್ಛೆ ನಿಲ್ಲದು.

ಮಿದುಳಿನ ನರಕೋಶಗಳ ವಿದ್ಯುತ್ ಸಂಕೇತಗಳು ಒಮ್ಮೆಲೇ ಹದ ತಪ್ಪಿದಾಗ ಮೂರ್ಛೆ ಬರುತ್ತದೆ. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಜ್ವರದೊಡನೆ ಬರುವ ಸೆಳವು ಸಾಮಾನ್ಯ. ಕಣ್ಣು ಮೇಲಾಗುತ್ತದೆ, ಕೈಕಾಲು ಅದುರುತ್ತವೆ. ನೋಡಲು ಭಯವಾದರೂ ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಇಂಥ ಚಿಕ್ಕ ಸೆಳವಿನಿಂದ ಮಗುವಿನ ಬುದ್ಧಿ ಕುಂದುವುದಿಲ್ಲ. ಆದರೂ ಮಿದುಳು ಜ್ವರವಲ್ಲವೆಂದು ಖಚಿತವಾಗಲು ವೈದ್ಯರಿಗೆ ತೋರಿಸಬೇಕು.

ಹಿರಿಯರಲ್ಲಿ ಮೈ ಅದುರದೆಯೂ ಮೂರ್ಛೆ ಬರಬಹುದು. ಮಾತನಾಡುತ್ತಿದ್ದವರು ತಟ್ಟನೆ ಸುಮ್ಮನಾಗಿ ಎತ್ತಲೋ ನೋಡುತ್ತಾರೆ, ತುಟಿ ಚಪ್ಪರಿಸುತ್ತಾರೆ, ಪಂಚೆಯ ಅಂಚನ್ನು ತಡಕುತ್ತಾರೆ. ಬಳಿಕ ಬಹಳ ಹೊತ್ತು ಗಲಿಬಿಲಿ ಇರುತ್ತದೆ. ಅದನ್ನು ‘ಅರಳುಮರಳು’ ಎಂದು ಕಡೆಗಣಿಸಬೇಡಿ. ಹಿಂದೆ ಆದ ಪಾರ್ಶ್ವವಾಯು, ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಇಳಿದಿರುವುದು ಕಾರಣವಿರಬಹುದು. ಮೊದಲ ಸಲ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಕ್ಷಣದ ಆರೈಕೆ ಮಾತ್ರ ಇಬ್ಬರಿಗೂ ಒಂದೇ. ಹತ್ತಿರದ ಗಟ್ಟಿ ವಸ್ತುಗಳನ್ನು ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಜೊಲ್ಲು ಹೊರಗೆ ಹರಿದು ಉಸಿರಾಟ ಸುಗಮವಾಗುತ್ತದೆ. ಬಾಯಿಗೆ ಚಮಚ, ನೀರು, ಮಾತ್ರೆ ಯಾವುದನ್ನೂ ಹಾಕಬೇಡಿ. ಅದುಮಿ ಹಿಡಿಯಬೇಡಿ. 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, 108ಕ್ಕೆ ಕರೆ ಮಾಡಿ. ಏನೇನು ಕಂಡಿರೆಂದು, ಎಷ್ಟು ನಿಮಿಷ ಇತ್ತೆಂದು ವೈದ್ಯರಿಗೆ ಹೇಳಿ. ಚಿಕಿತ್ಸೆಗೆ ನಿಮ್ಮ ಆ ಮಾತೇ ದಾರಿ ತೋರಿಸುತ್ತದೆ.