ಜೇನಂಟು ಬ್ಯಾಕ್ಟೀರಿಯಾಗಳ ಬಾಯಿ ಕಟ್ಟುತ್ತದೆ, ನಿಜ. ಹಾಗಂತ ಮಾತ್ರೆ ಬಿಡಬಹುದೇ?

ಹರಿಹರದ ಓದುಗರೊಬ್ಬರು ತಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ವಾಟ್ಸಾಪ್ ಸಂದೇಶವನ್ನು ನಮಗೆ ಕಳಿಸಿದ್ದಾರೆ. ಜೇನುಗೂಡಿನ ಅಂಟು, ಅಂದರೆ ಪ್ರೊಪೊಲಿಸ್, ಬ್ಯಾಕ್ಟೀರಿಯಾಗಳು ಪರಸ್ಪರ ಮಾತಾಡದಂತೆ ತಡೆಯುತ್ತದೆ. ಅದನ್ನು ಬಿಸಿನೀರಿಗೆ ಹಾಕಿ ಕುಡಿದು, ಗಾಯಕ್ಕೂ ಹಚ್ಚಿದರೆ ಆಂಟಿಬಯಾಟಿಕ್ ಬೇಡ ಎಂಬುದು ಅದರ ಸಾರ. ಅವರ ತಾಯಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು. ದಾವಣಗೆರೆಯ ವೈದ್ಯರು ಕೊಟ್ಟ ಮಾತ್ರೆ ಇನ್ನೂ ನಾಲ್ಕು ದಿನಕ್ಕಿದೆ. ನಿಲ್ಲಿಸಬಹುದಾ ಎಂದು ಕೇಳಿದ್ದಾರೆ.

ಉತ್ತರ ಮೊದಲೇ ಹೇಳುತ್ತೇವೆ: ನಿಲ್ಲಿಸಬೇಡಿ. ಆದರೆ ಈ ಸಂದೇಶ ಪೂರ್ತಿ ಸುಳ್ಳಲ್ಲ. ನಂಬುವವರು ಹೆಚ್ಚಾಗುವುದು ಅದಕ್ಕೇ.

ಏನಿದು ಪ್ರೊಪೊಲಿಸ್?

ಮರದ ಮೊಗ್ಗು, ತೊಗಟೆಗಳಲ್ಲಿ ಒಸರುವ ಅಂಟನ್ನು ಜೇನುಹುಳುಗಳು ತಂದು, ಮೇಣ ಬೆರೆಸಿ ಗೂಡಿನ ಸಂದುಗಳಿಗೆ ಮೆತ್ತುತ್ತವೆ. ಗೂಡಿಗೆ ನುಗ್ಗಿ ಸತ್ತ ಇಲಿಯನ್ನು ಹೊರಗೆಳೆಯಲಾಗದಿದ್ದರೆ ಇದೇ ಅಂಟು ಬಳಿದು ಮುಚ್ಚಿಬಿಡುತ್ತವೆ. ಇದರಲ್ಲಿ ಸುಮಾರು ಅರ್ಧ ಮರದ ಅಂಟು, ಶೇ 30ರಷ್ಟು ಮೇಣ, ಉಳಿದದ್ದು ಸುಗಂಧ ತೈಲ, ಪರಾಗ ಇತ್ಯಾದಿ. ಬ್ಯಾಕ್ಟೀರಿಯಾಗಳನ್ನು ಕಾಡುವುದು ಮುಖ್ಯವಾಗಿ ಆ ಅಂಟಿನಲ್ಲಿರುವ ಫ್ಲೇವನಾಯ್ಡ್ ಮತ್ತು ಫೀನಾಲಿಕ್ ಸಂಯುಕ್ತಗಳು.

ಬ್ಯಾಕ್ಟೀರಿಯಾ ಮಾತಾಡುತ್ತವೆಯೇ?

ಹೌದು, ರಾಸಾಯನಿಕಗಳ ಮೂಲಕ. ಪಾಲಿಕೆ ಸಭೆ ನೆನಪಿಸಿಕೊಳ್ಳಿ. ಕೋರಂ ಇಲ್ಲದಿದ್ದರೆ ನಿರ್ಣಯವಿಲ್ಲ. ಹಲವು ಬ್ಯಾಕ್ಟೀರಿಯಾಗಳೂ ಹೀಗೆಯೇ. ಪ್ರತಿಯೊಂದೂ ಒಂದು ಪುಟ್ಟ ಅಣುವನ್ನು ಹೊರಬಿಡುತ್ತದೆ. ಗುಂಪು ಬೆಳೆದಂತೆ ಆ ಅಣು ದಟ್ಟವಾಗುತ್ತದೆ. ಒಂದು ಮಟ್ಟ ದಾಟಿತೋ, ಎಲ್ಲವೂ ಒಟ್ಟಿಗೆ ವಿಷ ಬಿಡುವ, ಲೋಳೆಪದರ ಕಟ್ಟುವ ಕೆಲಸಕ್ಕೆ ಇಳಿಯುತ್ತವೆ. 1994ರಲ್ಲಿ ವಿಜ್ಞಾನಿಗಳು ಇದಕ್ಕಿಟ್ಟ ಹೆಸರೂ ಕೋರಂ ಸೆನ್ಸಿಂಗ್ ಎಂದೇ.

ನಿಜ ಎಷ್ಟು?

ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಂ ಎಂಬ ಬ್ಯಾಕ್ಟೀರಿಯಾ ಕೋರಂ ತುಂಬಿದಾಗ ನೇರಳೆ ಬಣ್ಣ ತಯಾರಿಸುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರೊಪೊಲಿಸ್ ಸೇರಿಸಿದಾಗ ಈ ಬಣ್ಣ ತಗ್ಗಿತು. ಅಂದರೆ ಸಂದೇಶ ತಲುಪುವುದಕ್ಕೆ ಅಡ್ಡಿಯಾಗಿತ್ತು. ಫಾರ್ವರ್ಡಿನ ಮೊದಲ ಸಾಲು ಇಲ್ಲಿಯವರೆಗೆ ಸರಿ.

ತಪ್ಪಿದ್ದೆಲ್ಲಿ?

ಒಂದು, ಅದು ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದು. ರಕ್ತಸಂಚಾರ ಕುಂದಿದ, ಕೀವು ತುಂಬಿದ ಪಾದದಲ್ಲಲ್ಲ. ಮಾತು ನಿಂತರೆ ಬ್ಯಾಕ್ಟೀರಿಯಾ ಸತ್ತವು ಎಂದೂ ಅಲ್ಲ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋದರೆ ಸದಸ್ಯರೇನು ಊರು ಬಿಡುತ್ತಾರೆಯೇ?

ಎರಡು, ಎಲ್ಲ ಪ್ರೊಪೊಲಿಸ್ ಒಂದೇ ಅಲ್ಲ. ಯುರೋಪಿನದು ಹೆಚ್ಚಾಗಿ ಪಾಪ್ಲರ್ ಮರದ್ದು, ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬೇರೆಯೇ ಗಿಡದ್ದು. ಗಿಡ ಬದಲಾದರೆ ರಸಾಯನವೂ ಬದಲು. ನಮ್ಮ ತುಡುವೆ ಜೇನು ಇದನ್ನು ಸಂಗ್ರಹಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಸಂಗ್ರಹಿಸುವುದು ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾ, ಗೋಡೆ ಸಂದಿಯಲ್ಲಿರುವ ಮುಜಂಟಿ. ಹಾಗಾಗಿ ತುಡುವೆ ತುಪ್ಪ ಕೊಂಡರೆ ಪ್ರೊಪೊಲಿಸ್ ಸಿಕ್ಕಂತಲ್ಲ.

ಮೂರು, ಇದರ ಹೆಚ್ಚಿನ ಭಾಗ ನೀರಿನಲ್ಲಿ ಕರಗುವುದಿಲ್ಲ. ಸಾರ ತೆಗೆಯಲು ಸಾಮಾನ್ಯವಾಗಿ ಆಲ್ಕೋಹಾಲ್ ಬಳಸುತ್ತಾರೆ. ಬಿಸಿನೀರಿಗೆ ಹಾಕಿದರೆ ಅಂಟು ಲೋಟಕ್ಕೆ ಮೆತ್ತಿಕೊಳ್ಳುತ್ತದೆ, ಅಷ್ಟೇ.

ನಾಲ್ಕು, ಕೆಲವರಿಗೆ ಇದು ಚರ್ಮಕ್ಕೆ ತಾಗಿದರೆ ತುರಿಕೆ, ಗುಳ್ಳೆ ಏಳುತ್ತವೆ. ತೆರೆದ ಗಾಯಕ್ಕೆ ಹಚ್ಚುವ ಮುನ್ನ ಇದು ಗೊತ್ತಿರಲಿ.

ಹಾಗಾದರೆ ಏನು ಮಾಡಬೇಕು?

ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂಕಾಗುತ್ತವೆ. ನೋವಿಲ್ಲ ಎಂದ ಮಾತ್ರಕ್ಕೆ ಗಾಯ ಮಾಗಿದೆ ಎಂದಲ್ಲ. ಒಳಗೆ ಸೋಂಕು ಮೂಳೆ ತಲುಪಿದರೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದೀತು. ಆದ್ದರಿಂದ ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಊತ, ಕೆಂಪು, ಕೆಟ್ಟ ವಾಸನೆ, ಜ್ವರ ಅಥವಾ ಚರ್ಮ ಕಪ್ಪಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ರೊಪೊಲಿಸ್ ಬಳಸುವ ಆಸೆಯಿದ್ದರೆ ವೈದ್ಯರನ್ನು ಕೇಳಿಯೇ ಬಳಸಿ.

ನಮ್ಮ ತೀರ್ಪು: ಅರ್ಧ ಸತ್ಯ. ಪ್ರಯೋಗಾಲಯದ ಮಾತು ನಿಜ, ಮಾತ್ರೆ ಬೇಡ ಎಂಬ ಸಲಹೆ ಅಪಾಯಕಾರಿ. ಆ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೇ ಇದನ್ನೂ ಹಾಕಿ. ಆ ಗ್ರೂಪಿನಲ್ಲೂ ಯಾರದೋ ಅಮ್ಮನ ಮಾತ್ರೆ ನಾಲ್ಕು ದಿನಕ್ಕೆ ಉಳಿದಿರಬಹುದು.