ಅಲೆ ನಮ್ಮದು, ಸ್ಟೇಷನ್ ಯಾರದು?

ಮೊಬೈಲಿನಲ್ಲಿ ಎಫ್‌ಎಂ ಹಾಕಿದವರಿಗೆಲ್ಲ ಗೊತ್ತು, ಇಯರ್‌ಫೋನ್ ಚುಚ್ಚದಿದ್ದರೆ ರೇಡಿಯೊ ಹಾಡುವುದಿಲ್ಲ. ಆ ವೈರೇ ಅದರ ಆಂಟೆನಾ. ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು, ವೈರನ್ನು ಕೊಂಚ ಆಚೀಚೆ ಸರಿಸಿ 91.1 ಹಿಡಿದವರು ಬೆಂಗಳೂರಿನಲ್ಲಿ ಎಷ್ಟೋ ಮಂದಿ. ಹಾಗೆ ಕಿವಿಗೆ ಬೀಳುವ ರೇಡಿಯೊ ಸಿಟಿ ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್. 2001ರ ಜುಲೈ 3ರಂದು ಅದು ಶುರುವಾದದ್ದು ದಿಲ್ಲಿಯಲ್ಲಲ್ಲ, ಮುಂಬೈಯಲ್ಲಲ್ಲ, ಬೆಂಗಳೂರಿನಲ್ಲಿ.

ಖಾಸಗಿ ರೇಡಿಯೊಗೆ ಬಲ ಕೊಟ್ಟದ್ದು ಒಂದು ಕ್ರಿಕೆಟ್ ವ್ಯಾಜ್ಯ. 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ ಎಂದು 1995ರಲ್ಲಿ ತೀರ್ಪು ಬಂತು. ಮುಂದೆ ತರಂಗಾಂತರಗಳು ಹರಾಜಾದವು. ಕೂಗಿ ಕೊಂಡವರಿಗೆ ಸಿಕ್ಕಿದ್ದು ಗೇಣಿ, ಒಡೆತನವಲ್ಲ.

ಗೇಣಿಯೂ ಹಗುರವಿರಲಿಲ್ಲ. ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಜಾಹೀರಾತು ಬರಲಿ ಬಿಡಲಿ, ಕಟ್ಟಲೇಬೇಕು. ಹರಾಜಿಗಿಟ್ಟ 108 ತರಂಗಾಂತರಗಳಲ್ಲಿ ಕೊನೆಗೆ ದನಿಯಾದದ್ದು ಇಪ್ಪತ್ತು ಚಿಲ್ಲರೆ ಮಾತ್ರ. 2005ರಲ್ಲಿ, ಪ್ರವೇಶ ಶುಲ್ಕದ ಜೊತೆಗೆ ಆದಾಯದ ಶೇ 4 ಕೊಟ್ಟರೆ ಸಾಕೆಂದಾದ ಮೇಲೆಯೇ ಈ ಉದ್ಯಮ ಸುಧಾರಿಸಿಕೊಂಡಿತು.

ಹಾಡಿಗೂ ಬಾಡಿಗೆಯಿತ್ತು. ಹಾಡು ಓಡಿದ ಹೊತ್ತನ್ನು 'ನೀಡಲ್ ಅವರ್' ಎಂಬ ಲೆಕ್ಕದಲ್ಲಿ ಅಳೆದು ಗಂಟೆಗಿಷ್ಟೆಂದು ಕಟ್ಟಬೇಕಿತ್ತು. ರೇಡಿಯೊ ಸಿಟಿಯ ಒಡೆಯರಾದ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಕಂಪನಿಯವರೂ ಈ ದರದ ವಿರುದ್ಧ ಹೋರಾಡಿದರು. 2010ರಲ್ಲಿ ಕಾಪಿರೈಟ್ ಮಂಡಳಿ, ನಿವ್ವಳ ಜಾಹೀರಾತು ಆದಾಯದ ಶೇ 2 ಎಂದು ನಿಗದಿಮಾಡಿತು.

ಆ ಕಂಪನಿಯ ಹಿಂದಿನ ಕೈಗಳು ಬದಲಾಗುತ್ತಲೇ ಬಂದವು. ಮೊದಲು ಸ್ಟಾರ್ ಸಂಸ್ಥೆ ಜೊತೆಗಿತ್ತು, ಆಮೇಲೆ ಇಂಡಿಯಾ ವ್ಯಾಲ್ಯೂ ಫಂಡ್ ಬಂತು. 2015ರಲ್ಲಿ ಕಾನ್ಪುರದ ಹಿಂದಿ ಪತ್ರಿಕೆ 'ದೈನಿಕ್ ಜಾಗರಣ್' ನಡೆಸುವ ಜಾಗರಣ್ ಪ್ರಕಾಶನ್ ಕೊಂಡುಕೊಂಡಿತು. 2017ರಲ್ಲಿ ಷೇರುಗಳು ಮಾರುಕಟ್ಟೆಗೂ ಬಂದವು. ಕೇಳುಗರಿಗೆ ಇದ್ಯಾವುದರ ಸುಳಿವೂ ಹತ್ತಲಿಲ್ಲ.

ಕೇಳುಗರಿಗೆ ಸ್ಪಷ್ಟವಾಗಿ ಕೇಳಿಸಿದ ಬದಲಾವಣೆ ಬೇರೆಯೇ, ಅದು ಭಾಷೆಯದು. ಶುರುವಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆ ಕನ್ನಡವೂ ಒಂದು ಪಾಲಾಗಿತ್ತು. 2006ರಿಂದೀಚೆಗೆ ಹೊಸ ಸ್ಟೇಷನ್‌ಗಳು ಪೈಪೋಟಿಗಿಳಿದವು. ಅದೇ ವರ್ಷದ ಕೊನೆಗೆ ಬಂದ 'ಮುಂಗಾರು ಮಳೆ'ಯ ಹಾಡುಗಳು ಆಟೊದಿಂದ ಅಡುಗೆಮನೆವರೆಗೆ ಹಬ್ಬಿದವು. ಕನ್ನಡ ಹಾಕಿದರೆ ಜನ ಕೇಳುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸ್ಟೇಷನ್‌ಗಳಲ್ಲಿ ಕನ್ನಡಕ್ಕೆ ಹೀಗೆ ಹೆಚ್ಚಿದ ಜಾಗ ಯಾವ ಮಾಲೀಕರೂ ಕೊಟ್ಟದ್ದಲ್ಲ, ಊರು ಕೇಳಿ ಪಡೆದದ್ದು.

ಆದರೆ ಖಾಸಗಿ ಎಫ್‌ಎಂಗಳು ತಮ್ಮದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು, ಅಷ್ಟೆ. ಊರಿನ ದನಿ ಎನಿಸಿಕೊಂಡ ಸ್ಟೇಷನ್ ಊರಿನ ಸುದ್ದಿ ಹೇಳಬಾರದೆಂಬ ಈ ನಿಯಮ ಸರಿಯಲ್ಲ. ತರಂಗ ಜನರದಾದ ಮೇಲೆ, ಇದನ್ನು ಸಡಿಲಿಸಿ ಎಂದು ಕೇಳುವ ಹಕ್ಕೂ ಜನರದೇ. ಕೇಳಲು ಹೊತ್ತೂ ಬಂದಿದೆ: ಈಗಿನ ಗೇಣಿ 2015ರ ಏಪ್ರಿಲ್‌ನಿಂದ ಹದಿನೈದು ವರ್ಷದ್ದು, 2030ರ ಮಾರ್ಚ್‌ಗೆ ಮುಗಿಯುತ್ತದೆ.