ಸಲ್ಲಿಸಿದ ರಿಟರ್ನ್‌ನಲ್ಲಿ ತಪ್ಪಿದೆಯೇ? ತಿದ್ದಲು ದಾರಿಯಿದೆ

ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಯಾಗಿದೆ. ಸ್ವೀಕೃತಿ ಪತ್ರವೂ ಕೈಗೆ ಬಂದಿದೆ. ತಿಂಗಳೆರಡು ಕಳೆದ ಮೇಲೆ ಅದರಲ್ಲೊಂದು ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತದೆ. ಆಗ ಏನು ಮಾಡಬೇಕು? ಕೆಲವರು ಗಾಬರಿಯಾಗುತ್ತಾರೆ. ಇನ್ನು ಕೆಲವರು "ಇಷ್ಟು ಸಣ್ಣ ಮೊತ್ತವನ್ನು ಯಾರು ನೋಡುತ್ತಾರೆ" ಎಂದು ಸುಮ್ಮನಾಗುತ್ತಾರೆ. ಎರಡೂ ಸರಿಯಲ್ಲ. ತಪ್ಪನ್ನು ತೆರಿಗೆದಾರರೇ ತಿದ್ದಿಕೊಳ್ಳಲು ಕಾನೂನು ಒಂದಲ್ಲ, ಹಲವು ಅವಕಾಶಗಳನ್ನು ಕೊಟ್ಟಿದೆ. ಆದರೆ ಈ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚುತ್ತವೆ, ಮುಂದಿನ ಬಾಗಿಲಿನ ಬೆಲೆ ಹಿಂದಿನದಕ್ಕಿಂತ ಹೆಚ್ಚು. ಆದ್ದರಿಂದ ಯಾವ ತಪ್ಪಿಗೆ ಯಾವ ದಾರಿ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ತಪ್ಪು ಆಗುವುದು ಎಲ್ಲಿ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಮಾಡುವ ಪ್ರೌಢಶಾಲಾ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಸಂಬಳದಲ್ಲಿ ತೆರಿಗೆ ಕಡಿತವಾಗಿದೆ, ಫಾರಂ 16 ಬಂದಿದೆ. ಅದರಲ್ಲಿದ್ದ ಅಂಕಿಗಳನ್ನೇ ನೋಡಿ 2024-25ನೇ ಸಾಲಿನ ಆದಾಯಕ್ಕೆ ರಿಟರ್ನ್ ಸಲ್ಲಿಸಿದ್ದಾರೆ. ಆದರೆ ಅವರಿಗೆ ಊರಿನ ಒಂದು ಬ್ಯಾಂಕಿನಲ್ಲಿ 22,000 ರೂಪಾಯಿ, ಹೊಸಪೇಟೆಯ ಇನ್ನೊಂದು ಬ್ಯಾಂಕಿನಲ್ಲಿ 18,000 ರೂಪಾಯಿ ಠೇವಣಿ ಬಡ್ಡಿ ಬಂದಿತ್ತು. ಆ ವರ್ಷ ಅರುವತ್ತು ತುಂಬದವರಿಗೆ ಒಂದು ಬ್ಯಾಂಕಿನ ಬಡ್ಡಿ 40,000 ರೂಪಾಯಿ ದಾಟಿದರೆ ಮಾತ್ರ ಬ್ಯಾಂಕು ತೆರಿಗೆ ಕಡಿತ ಮಾಡಬೇಕಿತ್ತು. ಎರಡು ಕಡೆಯೂ ಮಿತಿ ದಾಟಲಿಲ್ಲ, ಕಡಿತವಾಗಲಿಲ್ಲ. ಕಡಿತವಾಗದ ಮೇಲೆ ತೆರಿಗೆಯೂ ಇಲ್ಲವೆಂದು ಅವರು ತಿಳಿದರು.

ಅತಿ ಸಾಮಾನ್ಯವಾದ ತಪ್ಪು ಇದೇ. ಕಡಿತದ ಮಿತಿ ಬ್ಯಾಂಕಿಗೆ ಸಂಬಂಧಿಸಿದ್ದು. ಬಡ್ಡಿಯನ್ನು ಆದಾಯದಲ್ಲಿ ತೋರಿಸುವ ಹೊಣೆ ನಿಮ್ಮದು. 2025ರ ಏಪ್ರಿಲ್ 1ರಿಂದ ಕಡಿತದ ಮಿತಿಯನ್ನು 50,000 ರೂಪಾಯಿಗೆ, ಹಿರಿಯ ನಾಗರಿಕರಿಗೆ 1 ಲಕ್ಷ ರೂಪಾಯಿಗೆ ಏರಿಸಲಾಯಿತು. ಹಾಗೆಂದು ಆ ಮಿತಿಯೊಳಗಿನ ಬಡ್ಡಿಗೆ ತೆರಿಗೆ ವಿನಾಯಿತಿ ಸಿಕ್ಕಿತೆಂದು ತಿಳಿಯಬಾರದು.

ಎರಡನೆಯ ತಪ್ಪು ಹೊಲದ್ದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಅನೇಕ ನೌಕರರಿಗೆ ಊರಲ್ಲಿ ನಾಲ್ಕಾರು ಎಕರೆ ಮೆಕ್ಕೆಜೋಳದ ಅಥವಾ ಜೋಳದ ಹೊಲ ಇದ್ದೇ ಇರುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ನಿವ್ವಳ ಕೃಷಿ ಆದಾಯ 5,000 ರೂಪಾಯಿ ಮೀರಿ, ಬೇರೆ ಆದಾಯವೂ ತೆರಿಗೆ ಮಿತಿಯನ್ನು ದಾಟಿದ್ದರೆ, ಯಾವ ದರದಲ್ಲಿ ತೆರಿಗೆ ಎಂಬುದನ್ನು ನಿರ್ಧರಿಸಲು ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಥವರು ಸರಳವಾದ ಐಟಿಆರ್-1 ನಮೂನೆಯನ್ನು ಬಳಸುವಂತಿಲ್ಲ. ಸಂಬಳದಾರರಿಗೆ ಸಾಮಾನ್ಯವಾಗಿ ಐಟಿಆರ್-2 ಬೇಕಾಗುತ್ತದೆ.

ಮೂರನೆಯದು ಹಿಂಬಾಕಿ ವೇತನ. ಹಿಂದಿನ ವರ್ಷಗಳ ಬಾಕಿ ಒಟ್ಟಿಗೆ ಬಂದಾಗ 89ನೇ ಕಲಮಿನ ಪರಿಹಾರ ಪಡೆಯಬಹುದು. ಅದಕ್ಕೆ ಫಾರಂ 10ಇ ಅನ್ನು ರಿಟರ್ನ್‌ಗಿಂತ ಮೊದಲೇ ಸಲ್ಲಿಸಿರಬೇಕು. ಇದನ್ನು ಮರೆತವರಿಗೆ ಪರಿಹಾರ ನಿರಾಕರಿಸಿದ ಸೂಚನಾ ಪತ್ರ ಬರುತ್ತದೆ.

ಇಲಾಖೆಗೆ ಹೇಗೆ ಗೊತ್ತಾಗುತ್ತದೆ?

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಬ್ಯಾಂಕು, ಅಂಚೆ ಕಚೇರಿ, ಉಪನೋಂದಣಿ ಕಚೇರಿ ಮುಂತಾದ ಕಡೆಗಳಿಂದ ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಮಾಹಿತಿ ಇಲಾಖೆಗೆ ಹೋಗುತ್ತದೆ. 2021ರ ನವೆಂಬರ್‌ನಿಂದ ಇದನ್ನು 'ವಾರ್ಷಿಕ ಮಾಹಿತಿ ಪಟ್ಟಿ'ಯಾಗಿ ನಿಮಗೂ ತೋರಿಸಲಾಗುತ್ತಿದೆ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ 'ಎಐಎಸ್' ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ನೀವು ಸಲ್ಲಿಸಿದ ರಿಟರ್ನ್ ಮುದ್ರಿಸಿಕೊಂಡು ಒಂದು ಪಕ್ಕದಲ್ಲಿ, ಈ ಪಟ್ಟಿ ಮತ್ತು ಫಾರಂ 26ಎಎಸ್ ಇನ್ನೊಂದು ಪಕ್ಕದಲ್ಲಿ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ. ತಪ್ಪು ಎಲ್ಲಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಪಟ್ಟಿಯಲ್ಲೇ ತಪ್ಪಿದ್ದರೆ ಅದಕ್ಕೆ ಪ್ರತಿಕ್ರಿಯೆ ದಾಖಲಿಸಲು ಅಲ್ಲಿಯೇ ಅವಕಾಶವಿದೆ.

ಮೊದಲ ದಾರಿ: ಪರಿಷ್ಕೃತ ರಿಟರ್ನ್

1961ರ ಆದಾಯ ತೆರಿಗೆ ಕಾಯ್ದೆಯ 139(5)ನೇ ಕಲಮು ಪರಿಷ್ಕೃತ ರಿಟರ್ನ್‌ಗೆ ಅವಕಾಶ ಕೊಡುತ್ತದೆ. ಇದು ಅತ್ಯಂತ ಸುಲಭವಾದ ದಾರಿ. ಬಿಟ್ಟುಹೋದ ಆದಾಯ ಸೇರಿಸಬಹುದು, ಮರೆತ ವಿನಾಯಿತಿ ಕೇಳಬಹುದು, ತಪ್ಪು ನಮೂನೆಯನ್ನೂ ಬದಲಿಸಬಹುದು. ತೆರಿಗೆ ಹೆಚ್ಚಾದರೂ ಸರಿ, ಕಡಿಮೆಯಾದರೂ ಸರಿ. ಗಡುವಿನೊಳಗೆ ಒಂದಕ್ಕಿಂತ ಹೆಚ್ಚು ಸಲ ಪರಿಷ್ಕರಿಸಲೂ ಅಡ್ಡಿಯಿಲ್ಲ. ಹಿಂದೆ ತಡವಾಗಿ ಸಲ್ಲಿಸಿದ ರಿಟರ್ನ್ ಅನ್ನು ತಿದ್ದಲು ಅವಕಾಶವಿರಲಿಲ್ಲ. 2016ರ ಹಣಕಾಸು ಕಾಯ್ದೆ ಅದನ್ನೂ ಒದಗಿಸಿತು.

ಬಗೆ ಹೀಗೆ: ಪೋರ್ಟಲ್‌ನಲ್ಲಿ ಅದೇ ವರ್ಷವನ್ನು ಆರಿಸಿ, 139(5)ರ ಅಡಿಯ ರಿಟರ್ನ್ ಎಂದು ಗುರುತಿಸಿ, ಮೂಲ ರಿಟರ್ನ್‌ನ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ ತುಂಬಬೇಕು. ತಪ್ಪಿದ ಒಂದು ಸಾಲನ್ನು ಮಾತ್ರ ಕಳಿಸಿದರೆ ಸಾಲದು, ಇಡೀ ರಿಟರ್ನ್ ಅನ್ನು ಮತ್ತೆ ತುಂಬಬೇಕು. ಏಕೆಂದರೆ ಹೊಸದು ಬಂದೊಡನೆ ಅದು ಹಳೆಯದರ ಜಾಗದಲ್ಲಿ ನಿಲ್ಲುತ್ತದೆ. ತೆರಿಗೆ ಬಾಕಿ ಬಂದರೆ ಮೊದಲು ಕಟ್ಟಿ, ಚಲನ್ ವಿವರ ನಮೂದಿಸಿ. ಕೊನೆಯಲ್ಲಿ 30 ದಿನಗಳೊಳಗೆ ಆಧಾರ್ ಒಟಿಪಿ ಮುಂತಾದ ವಿಧಾನದಿಂದ ದೃಢೀಕರಿಸಿ. ದೃಢೀಕರಿಸದ ರಿಟರ್ನ್ ಸಲ್ಲಿಸಿಯೂ ಸಲ್ಲಿಸದಂತೆ.

'ನನ್ನ ರಿಟರ್ನ್ ಪರಿಶೀಲನೆಯಾಗಿ ಮರುಪಾವತಿಯೂ ಬಂದುಬಿಟ್ಟಿದೆ, ಇನ್ನು ತಿದ್ದಬಹುದೇ?' ಎಂದು ನೀವು ಕೇಳಬಹುದು. ತಿದ್ದಬಹುದು. 143(1)ರ ಸೂಚನಾ ಪತ್ರ ಬಂದ ಮಾತ್ರಕ್ಕೆ ತೆರಿಗೆ ನಿರ್ಧಾರಣೆ ಮುಗಿದಂತಲ್ಲ. ಅಧಿಕಾರಿಯು ತನಿಖೆ ನಡೆಸಿ ನಿರ್ಧಾರಣಾ ಆದೇಶ ಹೊರಡಿಸಿದ ಮೇಲೆ ಮಾತ್ರ ಈ ದಾರಿ ಮುಚ್ಚುತ್ತದೆ.

ಗಡುವಿನ ಬಗ್ಗೆ ಎಚ್ಚರ ಬೇಕು. 2024-25ನೇ ಸಾಲಿನ ಆದಾಯಕ್ಕೆ ಕಾಯ್ದೆಯಲ್ಲಿದ್ದ ಗಡುವು 2025ರ ಡಿಸೆಂಬರ್ 31. ಶುಲ್ಕ ಕಟ್ಟಿ ಮಾರ್ಚ್ 31ರವರೆಗೂ ಪರಿಷ್ಕರಿಸಲು ಅವಕಾಶ ನೀಡುವ ಪ್ರಸ್ತಾಪ 2026ರ ಬಜೆಟ್‌ನಲ್ಲಿ ಬಂದಿತು. ಗಡುವು ಹೀಗೆ ಆಗಾಗ ಬದಲಾಗುವುದರಿಂದ ಆಯಾ ವರ್ಷದ್ದನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಎರಡನೆಯ ದಾರಿ: ಅಪ್‌ಡೇಟೆಡ್ ರಿಟರ್ನ್

ಪರಿಷ್ಕರಿಸುವ ಕಾಲ ಮೀರಿತೆನ್ನಿ. ಆಗ 139(8ಎ) ಕಲಮಿನ ಅಪ್‌ಡೇಟೆಡ್ ರಿಟರ್ನ್ ಇದೆ. ಇದು 2022ರಲ್ಲಿ ಬಂದದ್ದು. ಮೊದಲು ಎರಡು ವರ್ಷದ ಅವಕಾಶವಿತ್ತು, 2025ರ ಹಣಕಾಸು ಕಾಯ್ದೆ ಅದನ್ನು ನಾಲ್ಕು ವರ್ಷಕ್ಕೆ ಹೆಚ್ಚಿಸಿತು. ಇಲ್ಲಿ ಎರಡು ಮಾತು ನೆನಪಿರಲಿ. ಒಂದು, ಇದು ತೆರಿಗೆ ಹೆಚ್ಚು ಕಟ್ಟಬೇಕಾದವರಿಗೆ ಮಾತ್ರ. ತೆರಿಗೆ ತಗ್ಗಿಸಿಕೊಳ್ಳಲು ಅಥವಾ ಮರುಪಾವತಿ ಕೇಳಲು ಇದು ಬರುವುದಿಲ್ಲ. ಎರಡು, ಒಂದು ವರ್ಷದ ಆದಾಯಕ್ಕೆ ಒಂದೇ ಸಲ.

ತಡಮಾಡಿದ್ದಕ್ಕೆ ಹೆಚ್ಚುವರಿ ತೆರಿಗೆಯೂ ಉಂಟು. ನಮ್ಮ ಶಿಕ್ಷಕಿಯ ಲೆಕ್ಕವನ್ನೇ ನೋಡಿ. ಅವರ ಆದಾಯ ಶೇಕಡಾ 20ರ ಹಂತದಲ್ಲಿದೆ ಎನ್ನೋಣ. ಬಿಟ್ಟುಹೋದ 40,000 ರೂಪಾಯಿ ಬಡ್ಡಿಗೆ ತೆರಿಗೆ 8,000, ಅದರ ಮೇಲೆ ಶೇಕಡಾ 4 ಸೆಸ್ 320, ಒಟ್ಟು 8,320 ರೂಪಾಯಿ. 2025ರ ಡಿಸೆಂಬರ್ 31ರೊಳಗೆ ಪರಿಷ್ಕರಿಸಿದ್ದರೆ ಹೆಚ್ಚುವರಿ ತೆರಿಗೆಯೇ ಇರುತ್ತಿರಲಿಲ್ಲ. ಅಪ್‌ಡೇಟೆಡ್ ರಿಟರ್ನ್ ಆದರೆ ಹೀಗೆ ಬೆಳೆಯುತ್ತದೆ:

2027ರ ಮಾರ್ಚ್ 31ರೊಳಗೆ: ಶೇಕಡಾ 25, ಅಂದರೆ 2,080 ರೂಪಾಯಿ ಹೆಚ್ಚುವರಿ.
2028ರ ಮಾರ್ಚ್ 31ರೊಳಗೆ: ಶೇಕಡಾ 50, ಅಂದರೆ 4,160 ರೂಪಾಯಿ.
2029ರ ಮಾರ್ಚ್ 31ರೊಳಗೆ: ಶೇಕಡಾ 60, ಅಂದರೆ 4,992 ರೂಪಾಯಿ.
2030ರ ಮಾರ್ಚ್ 31ರೊಳಗೆ: ಶೇಕಡಾ 70, ಅಂದರೆ 5,824 ರೂಪಾಯಿ.

ಬಡ್ಡಿ ಅನ್ವಯಿಸುವ ಪ್ರಕರಣಗಳಲ್ಲಿ ತೆರಿಗೆಗೆ ಅದನ್ನೂ ಸೇರಿಸಿ, ಆ ಮೊತ್ತದ ಮೇಲೆ ಈ ದರ ಹಾಕುತ್ತಾರೆ. ತನಿಖೆ ನಡೆಯುತ್ತಿರುವ ಪ್ರಕರಣಗಳಿಗೆ ಬೇರೆ ನಿರ್ಬಂಧಗಳಿವೆ.

ಮೂರನೆಯ ದಾರಿ: ತಪ್ಪು ಇಲಾಖೆಯ ಕಡೆ ಇದ್ದರೆ

ದೇಶದ ಎಲ್ಲಾ ಕಡೆಯ ರಿಟರ್ನ್‌ಗಳು ನಮ್ಮ ಬೆಂಗಳೂರಿನಲ್ಲಿರುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಪರಿಶೀಲನೆಯಾಗುತ್ತವೆ. ಅಲ್ಲಿಂದ ಬಂದ ಸೂಚನಾ ಪತ್ರದಲ್ಲಿ ಎರಡು ಸಾಲುಗಳಿರುತ್ತವೆ: ನೀವು ತೋರಿಸಿದ್ದು ಮತ್ತು ಕೇಂದ್ರ ಲೆಕ್ಕ ಹಾಕಿದ್ದು. ನಿಮ್ಮ ಸಂಬಳದಲ್ಲಿ ಕಡಿತವಾದ ತೆರಿಗೆಯನ್ನು ಜಮಾ ಕೊಡದಿದ್ದರೆ, ಅಥವಾ ಕೂಡುವುದರಲ್ಲಿ ತಪ್ಪಿದ್ದರೆ, 154ನೇ ಕಲಮಿನ ಅಡಿ ತಿದ್ದುಪಡಿ ಅರ್ಜಿ ಹಾಕಿ. ಆದೇಶ ಬಂದ ಆರ್ಥಿಕ ವರ್ಷ ಮುಗಿದ ಮೇಲೆ ನಾಲ್ಕು ವರ್ಷದವರೆಗೆ ಅವಕಾಶವಿದೆ. ದಾಖಲೆ ನೋಡಿದೊಡನೆ ಕಾಣುವ ತಪ್ಪಿಗೆ ಮಾತ್ರ ಇದು. ನೀವು ಕೇಳಲು ಮರೆತ ಹೊಸ ವಿನಾಯಿತಿಯನ್ನು ಇಲ್ಲಿ ತರುವಂತಿಲ್ಲ.

ಮರೆತ ವಿನಾಯಿತಿಯಿಂದ ಮರುಪಾವತಿ ಬರಬೇಕಿದ್ದು ಗಡುವು ಮೀರಿದ್ದರೆ, ವಿಳಂಬವನ್ನು ಮನ್ನಿಸುವಂತೆ 119ನೇ ಕಲಮಿನ ಅಡಿ ಕೋರಬಹುದು. 2024ರ ಅಕ್ಟೋಬರ್‌ನ ಸುತ್ತೋಲೆಯಂತೆ ಕರನಿರ್ಧಾರಣಾ ವರ್ಷ ಮುಗಿದ ಐದು ವರ್ಷದೊಳಗೆ ಅರ್ಜಿ ಕೊಡಬೇಕು, ತಡವಾಗಲು ನಿಜವಾದ ಕಾರಣವಿರಬೇಕು. ಬ್ಯಾಂಕ್ ಖಾತೆಯ ಸಂಖ್ಯೆ ತಪ್ಪಿ ಮರುಪಾವತಿ ನಿಂತಿದ್ದರೆ ಇಷ್ಟೆಲ್ಲಾ ಬೇಡ. ಪೋರ್ಟಲ್‌ನಲ್ಲಿ ಸರಿಯಾದ ಖಾತೆಯನ್ನು ದೃಢೀಕರಿಸಿ, ಮರುಪಾವತಿಯನ್ನು ಮತ್ತೆ ಕಳಿಸುವಂತೆ ಕೋರಿದರೆ ಸಾಕು.

ಮಧ್ಯವರ್ತಿ ಮಾಡಿದ ತಪ್ಪು ಯಾರದು?

ಇದು ಎಲ್ಲಕ್ಕಿಂತ ಗಂಭೀರವಾದ ವಿಷಯ. 'ನಿಮಗೆ ಇಷ್ಟು ಮರುಪಾವತಿ ಕೊಡಿಸುತ್ತೇವೆ, ಅದರಲ್ಲಿ ನಮಗೆ ಇಷ್ಟು ಪಾಲು' ಎನ್ನುವ ಮಧ್ಯವರ್ತಿಗಳು ಇಲ್ಲದ ಮನೆ ಬಾಡಿಗೆ, ಕೊಡದ ದೇಣಿಗೆ, ಕಟ್ಟದ ವಿಮೆಯನ್ನು ತೋರಿಸಿ ರಿಟರ್ನ್ ಸಲ್ಲಿಸುವುದುಂಟು. ಕೇಂದ್ರ ನೇರ ತೆರಿಗೆ ಮಂಡಳಿಯು 2025ರ ಜುಲೈ 14ರಂದು ಇಂಥವರ ಮೇಲೆ ದೇಶಾದ್ಯಂತ ಕಾರ್ಯಾಚರಣೆ ನಡೆಸಿತು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ ರಿಟರ್ನ್ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಕೋರಿಕೆಗಳನ್ನು ಹಿಂತೆಗೆದುಕೊಂಡಿದ್ದರು ಎಂದು ಮಂಡಳಿ ತಿಳಿಸಿತು. ಮಧ್ಯವರ್ತಿಗಳು ತಾತ್ಕಾಲಿಕ ಇ-ಮೇಲ್ ವಿಳಾಸ ಸೃಷ್ಟಿಸಿ, ಆಮೇಲೆ ಅದನ್ನು ಕೈಬಿಡುವುದರಿಂದ ಇಲಾಖೆಯ ನೋಟಿಸುಗಳನ್ನು ಯಾರೂ ಓದದೆ ಉಳಿಯುತ್ತಿದ್ದ ಸಂಗತಿಯೂ ಹೊರಬಿತ್ತು.

ರಿಟರ್ನ್ ಅನ್ನು ಯಾರೇ ತುಂಬಿರಲಿ, ಪ್ಯಾನ್ ನಿಮ್ಮದು, ದೃಢೀಕರಣ ನಿಮ್ಮದು, ಹೊಣೆಯೂ ನಿಮ್ಮದೇ. 1961ರ ಕಾಯ್ದೆಯ 270ಎ ಕಲಮಿನಂತೆ ಆದಾಯ ಕಡಿಮೆ ತೋರಿಸಿದರೆ ಆ ತೆರಿಗೆಯ ಶೇಕಡಾ 50, ಸುಳ್ಳು ವಿವರ ಕೊಟ್ಟರೆ ಶೇಕಡಾ 200 ದಂಡಕ್ಕೆ ಅವಕಾಶವಿದೆ. ನೋಟಿಸು ಬರುವ ಮೊದಲೇ ನೀವಾಗಿ ತಿದ್ದಿಕೊಂಡರೆ ಎಷ್ಟು ಉಳಿಯುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು.

ಈಗಲೇ ಮಾಡಬೇಕಾದದ್ದು

ಪೋರ್ಟಲ್‌ನಲ್ಲಿ ನಿಮ್ಮ ಖಾತೆಗೆ ನೀವೇ ಪ್ರವೇಶಿಸಿ, ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನಿಮ್ಮವೇ ಎಂದು ಖಚಿತಪಡಿಸಿಕೊಳ್ಳಿ. ಗುಪ್ತಪದವನ್ನು ಬದಲಿಸಿ. ಕಳೆದ ಮೂರು ನಾಲ್ಕು ವರ್ಷಗಳ ರಿಟರ್ನ್ ಇಳಿಸಿಕೊಂಡು ಓದಿ. ನೀವು ಕೊಡದ ದಾಖಲೆಯ ಮೇಲೆ ಯಾವ ವಿನಾಯಿತಿಯನ್ನಾದರೂ ಕೇಳಿದ್ದಾರೆಯೇ ನೋಡಿ. ಬ್ಯಾಂಕ್ ಪಾಸ್‌ಬುಕ್ಕು, ಬಡ್ಡಿ ಪ್ರಮಾಣಪತ್ರ, ಫಾರಂ 16, ದೇಣಿಗೆಯ ರಸೀದಿಗಳನ್ನು ವರ್ಷವಾರು ಒಂದೊಂದು ಕಡತದಲ್ಲಿಡಿ. ಅನುಮಾನವಿದ್ದರೆ ಇಲಾಖೆಯ ಉಚಿತ ಸಹಾಯವಾಣಿ 1800 103 0025ಕ್ಕೆ ಕರೆ ಮಾಡಿ, ಅಥವಾ ಅರ್ಹ ಲೆಕ್ಕ ಪರಿಶೋಧಕರನ್ನು ಕಾಣಿ.

ಕೊನೆಯದಾಗಿ ಒಂದು ಸೂಚನೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನವೆಂದು ಗೊತ್ತುಮಾಡಲಾಗಿದೆ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ, 'ಕರನಿರ್ಧಾರಣಾ ವರ್ಷ'ದ ಬದಲು 'ತೆರಿಗೆ ವರ್ಷ' ಎಂಬ ಪದವಿದೆ. ಅದಕ್ಕೂ ಹಿಂದಿನ ವರ್ಷಗಳ ಆದಾಯಕ್ಕೆ ಮಾತ್ರ ಹಳೆಯ ಕಾಯ್ದೆಯೇ ಅನ್ವಯ. ಆದ್ದರಿಂದ ಹಳೆಯ ರಿಟರ್ನ್ ತಿದ್ದುವವರು ಇಲ್ಲಿ ಹೇಳಿದ ಕಲಮುಗಳನ್ನೇ ಗುರುತುಮಾಡಿಟ್ಟುಕೊಳ್ಳುವುದು ಲೇಸು.